ಗುಮಾಸ್ತನ ಮನೆಗೆ ಬಂದ ಹತ್ತು ಲಕ್ಷ: ‘ಸಚ್ ಎ ಲಾಂಗ್ ಜರ್ನಿ’ ಚಿತ್ರದ ಪಾರ್ಸಿ ಕುಟುಂಬ, ಒಂದು ಪ್ರಕರಣ ಅಧ್ಯಯನ

ಬ್ಯಾಂಕ್ ಗುಮಾಸ್ತನೊಬ್ಬನ ಮನೆಗೆ ಹತ್ತು ಲಕ್ಷ ರೂಪಾಯಿ ನಗದು ಬರುತ್ತದೆ. ಇಸವಿ 1971, ಊರು ಬಾಂಬೆ. ಮನೆ ಇರುವುದು ಪಾರ್ಸಿಗಳೇ ತುಂಬಿರುವ ಖೋದಾದಾದ್ ಬಿಲ್ಡಿಂಗ್ ಎಂಬ ಹಳೆಯ ಕಟ್ಟಡದಲ್ಲಿ. ಹಣ ಕಳಿಸಿದವನು ಮೇಜರ್ ಜಿಮ್ಮಿ ಬಿಲಿಮೋರಿಯಾ. ಒಂದು ಕಾಲಕ್ಕೆ ಅದೇ ಕಟ್ಟಡದಲ್ಲಿದ್ದು, ಈ ಗುಮಾಸ್ತ ಗುಸ್ತಾದ್ ನೋಬಲ್‌ಗೆ ಒಡಹುಟ್ಟಿದವನಂತಿದ್ದು, ಒಂದು ದಿನ ಯಾರಿಗೂ ಹೇಳದೆ ಹೊರಟುಹೋದವನು. ಇತ್ತ ಹಿರಿಮಗ ಸೊಹ್ರಾಬ್ ಐಐಟಿ ಸೀಟು ಬೇಡವೆಂದು ಅಪ್ಪನ ಜತೆ ಜಗಳವಾಡಿ ಮನೆ ಬಿಟ್ಟಿದ್ದಾನೆ. ಮಗಳು ರೋಶನ್ ಹಾಸಿಗೆ ಹಿಡಿದಿದ್ದಾಳೆ. ಕಾಂಪೌಂಡಿನ ಗೋಡೆಗೆ ದಾರಿಹೋಕರು ಮೂತ್ರ ಹೊಯ್ದು ನಾತ, ಸೊಳ್ಳೆ. ದೇಶ ಬಾಂಗ್ಲಾದೇಶದ ಯುದ್ಧದತ್ತ ಸರಿಯುತ್ತಿದೆ.

ಈ ಐದು ಎಳೆಗಳನ್ನು ಎರಡು ಗಂಟೆಗೂ ಕಡಿಮೆ ಅವಧಿಯಲ್ಲಿ ಒಂದೇ ಮನೆಯೊಳಗೆ ಹೆಣೆದ ಚಿತ್ರ ಇದು. 1998ರಲ್ಲಿ ಬಂದದ್ದು. ನಿರ್ದೇಶಕ ಐಸ್‌ಲ್ಯಾಂಡ್‌ನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಸ್ಟುರ್ಲಾ ಗುನ್ನಾರ್ಸನ್. ಚಿತ್ರಕಥೆ ಬಾಂಬೆಯ ಪಾರ್ಸಿ ಲೇಖಕಿ, ಛಾಯಾಗ್ರಾಹಕಿ ಸೂನಿ ತಾರಾಪೋರ್‌ವಾಲಾ ಅವರದು. ‘ಸಲಾಂ ಬಾಂಬೆ’ಗೂ ಚಿತ್ರಕಥೆ ಬರೆದವರು ಅವರೇ. ಮೂಲ ರೋಹಿಂಟನ್ ಮಿಸ್ತ್ರಿ ಅವರ 1991ರ ಕಾದಂಬರಿ. ಮಿಸ್ತ್ರಿ ಬಾಂಬೆಯಲ್ಲಿ ಹುಟ್ಟಿ, 1975ರಲ್ಲಿ ಕೆನಡಾಕ್ಕೆ ಹೋಗಿ, ಟೊರೊಂಟೊದ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತ ಬರವಣಿಗೆ ಆರಂಭಿಸಿದವರು. ಗುಸ್ತಾದ್‌ನ ಬ್ಯಾಂಕಿನ ಕೌಂಟರ್, ಮಧ್ಯಾಹ್ನದ ಊಟದ ಗುಂಪು, ಮ್ಯಾನೇಜರನ ಕಣ್ಗಾವಲು ಇಷ್ಟು ಖಚಿತವಾಗಿ ಬಂದದ್ದರ ಹಿಂದೆ ಆ ಅನುಭವವೂ ಇದ್ದೀತು. ಇಲ್ಲಿ ಘಟನೆಗಳ ಸೂಕ್ಷ್ಮ ವಿವರಗಳನ್ನು ಕಾದಂಬರಿಯ ಬಲದಿಂದ ಹೇಳಿದೆ. ಚಿತ್ರ ಅದರ ಮುಖ್ಯ ಎಳೆಗಳನ್ನು ಹಿಡಿದೇ ಸಾಗುತ್ತದೆ.

ಈ ಅಧ್ಯಯನದ ವಾದ ಇಷ್ಟು. ಮಗನ ಜಗಳ, ಗೆಳೆಯನ ಮೋಸ, ಸರ್ಕಾರದ ಹಗರಣ ಎಂಬ ಮೂರು ಕಥೆಗಳು ಇಲ್ಲಿಲ್ಲ, ಇರುವುದು ಒಂದೇ. ಮೂರರಲ್ಲೂ ಗುಸ್ತಾದ್ ನಂಬಿದವರು ಕಾರಣ ಹೇಳದೆ ಅವನ ನಂಬಿಕೆಯನ್ನು ಬಳಸಿಕೊಂಡಿದ್ದಾರೆ, ಅಥವಾ ಹಾಗೆಂದು ಅವನು ತಿಳಿದಿದ್ದಾನೆ. ಮೂರಕ್ಕೂ ಅವನು ಕೊಡುವ ಉತ್ತರ ಒಂದೇ: ಬಾಯಿ ಮುಚ್ಚುವುದು, ಬಾಗಿಲು ಮುಚ್ಚುವುದು. ಈ ಎಳೆಯನ್ನು ಬಿಟ್ಟುಕೊಟ್ಟಿದ್ದರೆ ಚಿತ್ರ ಬರೀ ಬೇಹುಗಾರಿಕೆಯ ಕಥೆಯಾಗುತ್ತಿತ್ತು.

ಮನೆಯ ಸ್ಥಿತಿ

ಗುಸ್ತಾದ್‌ಗೆ ಐವತ್ತರ ಆಸುಪಾಸು. ಹೆಂಡತಿ ದಿಲ್ನವಾಜ್, ಮಕ್ಕಳು ಸೊಹ್ರಾಬ್, ದರಿಯಸ್, ರೋಶನ್. ಅವನ ಅಜ್ಜ ಹೆಸರುವಾಸಿ ಪೀಠೋಪಕರಣ ತಯಾರಕ, ಅಪ್ಪ ಪುಸ್ತಕದಂಗಡಿಯ ಮಾಲೀಕ. ಅಂಗಡಿ ದಿವಾಳಿಯಾಗಿ ಜಪ್ತಿಯಾದಾಗ ಗುಸ್ತಾದ್ ಉಳಿಸಿಕೊಂಡದ್ದು ಕೆಲವು ಮೇಜು ಕುರ್ಚಿಗಳನ್ನು ಮಾತ್ರ. ಈ ಹಿನ್ನೆಲೆ ಅಲಂಕಾರಕ್ಕೆ ಬಂದದ್ದಲ್ಲ. ಮೂರು ತಲೆಮಾರಿನಲ್ಲಿ ಕಾರ್ಖಾನೆಯಿಂದ ಅಂಗಡಿಗೆ, ಅಂಗಡಿಯಿಂದ ಗುಮಾಸ್ತಗಿರಿಗೆ ಇಳಿದ ಮನೆಯಲ್ಲಿ ಮಗನ ಐಐಟಿ ಸೀಟು ಮತ್ತೆ ಮೇಲೇರುವ ಒಂದೇ ಮೆಟ್ಟಿಲು. ಪೊವಾಯಿಯ ಐಐಟಿ ಶುರುವಾದದ್ದು 1958ರಲ್ಲಿ; 1971ರ ಹೊತ್ತಿಗೆ ಮಧ್ಯಮ ವರ್ಗದ ಬಾಂಬೆಗೆ ಅದಕ್ಕಿಂತ ದೊಡ್ಡ ಭರವಸೆ ಇರಲಿಲ್ಲ. ಸೊಹ್ರಾಬ್‌ಗೆ ಬೇಕಾದದ್ದು ಬಿ.ಎ.

ಜಗಳ ಸ್ಫೋಟಿಸುವುದು ಊಟದ ಮೇಜಿನ ಮೇಲೆ. ಮಗಳ ಹುಟ್ಟುಹಬ್ಬವನ್ನೂ ಮಗನ ಸೀಟನ್ನೂ ಒಟ್ಟಿಗೆ ಆಚರಿಸಲೆಂದು ಗುಸ್ತಾದ್ ಕ್ರಾಫರ್ಡ್ ಮಾರ್ಕೆಟ್‌ನಿಂದ ಜೀವಂತ ಕೋಳಿ ತಂದಿದ್ದಾನೆ. ಬ್ಯಾಂಕಿನ ಗೆಳೆಯ ದಿನ್ಶಾಜಿ ಅತಿಥಿ. ಹಾಡು, ಪಾನೀಯ, ನಗು. ಆಗ ಮಗ ತನ್ನ ನಿರ್ಧಾರ ಹೇಳುತ್ತಾನೆ. ಕೋಳಿಯ ಆಯ್ಕೆಯನ್ನು ಗಮನಿಸಬೇಕು. ಪಾರ್ಸಿ ಎಂದ ಕೂಡಲೇ ಎಲ್ಲ ಸಂಭ್ರಮಕ್ಕೂ ಧನ್‌ಸಾಕ್ ಬಡಿಸುವ ತಪ್ಪು ಸಿನಿಮಾಗಳಲ್ಲೂ ಜಾಹೀರಾತುಗಳಲ್ಲೂ ಆಗುತ್ತಲೇ ಇರುತ್ತದೆ. ಸಾವಿನ ನಂತರದ ನಾಲ್ಕನೇ ದಿನ ಮಾಂಸಾಹಾರ ಮತ್ತೆ ಆರಂಭಿಸುವಾಗ ಉಣ್ಣುವುದು ಧನ್‌ಸಾಕ್. ಭಾನುವಾರದ ಊಟಕ್ಕೆ ಅದು ಸಲ್ಲುತ್ತದೆ, ಹುಟ್ಟುಹಬ್ಬಕ್ಕೂ ಮಕ್ಕಳ ಧರ್ಮದೀಕ್ಷೆಯಾದ ನವಜೋತಿಗೂ ಸಲ್ಲದು. ಶುಭದಿನಕ್ಕೆ ಸಿಹಿ ಶಾವಿಗೆ, ರವೆಯ ಸಿಹಿ, ಮೀನು, ಕೋಳಿ. ಇಂಥ ಸಣ್ಣ ವಿಷಯದಲ್ಲಿ ಎಡವಿದರೆ ಸಮುದಾಯದ ಪ್ರೇಕ್ಷಕನಿಗೆ ಇಡೀ ಮನೆಯೇ ಸೆಟ್ ಎನ್ನಿಸಿಬಿಡುತ್ತದೆ.

ಸೊಹ್ರಾಬ್ ಎಂಬ ಹೆಸರೂ ಸುಮ್ಮನೆ ಇಟ್ಟದ್ದಲ್ಲ. ಫಿರ್ದೌಸಿಯ ಶಾಹನಾಮೆಯಲ್ಲಿ ರುಸ್ತುಂ ತನ್ನ ಮಗ ಸೊಹ್ರಾಬ್‌ನನ್ನು ಗುರುತಿಸದೆ ಯುದ್ಧದಲ್ಲಿ ಕೊಲ್ಲುತ್ತಾನೆ. ಬಭ್ರುವಾಹನ ಕಾಳಗದ ಯಕ್ಷಗಾನ ನೋಡಿ ಬೆಳೆದ ನಮಗೆ ಅಪ್ಪ ಮಗ ಎದುರಾಳಿಗಳಾಗಿ ನಿಲ್ಲುವ ಕಥೆಯ ಭಾರ ಗೊತ್ತು. ಅಲ್ಲಿ ಸಾಯುವವನು ಅಪ್ಪ, ಮತ್ತು ಅವನು ಬದುಕಿಬರುತ್ತಾನೆ. ಪರ್ಷಿಯನ್ ಕಥೆಯಲ್ಲಿ ಸತ್ತ ಮಗ ಬರುವುದಿಲ್ಲ. ಪಾರ್ಸಿ ಓದುಗನಿಗೆ ಆ ಭಯ ಹೆಸರಿನಲ್ಲೇ ತಟ್ಟುತ್ತದೆ.

ಮನೆಯ ಗಾಳಿಗಿಂಡಿಗಳಿಗೆ, ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದೆ. 1962ರ ಚೀನಾ ಯುದ್ಧದ ವೇಳೆ ದೀಪಮರೆಯ ಆದೇಶಕ್ಕಾಗಿ ಹಚ್ಚಿದ್ದು. ಯುದ್ಧ ಮುಗಿಯಿತು, ಗುಸ್ತಾದ್ ಕೀಳಲಿಲ್ಲ. 1965ರಲ್ಲಿ ಪಾಕಿಸ್ತಾನದ ಜತೆ ಯುದ್ಧವಾದಾಗ ಮತ್ತೆ ಉಪಯೋಗಕ್ಕೆ ಬಂತು, ಹಾಗಾಗಿ ಉಳಿಸಿದ್ದು ಸರಿಯೇ ಆಯಿತೆಂದು ಅವನಿಗೆ ಸಮಾಧಾನ. ಒಂಬತ್ತು ವರ್ಷ ಆ ಮನೆಗೆ ಹಗಲು ಪೂರ್ತಿ ಬಂದಿಲ್ಲ. ಪಾರ್ಸಿಗಳು ಅನುಸರಿಸುವ ಜರತುಷ್ಟ್ರನ ಧರ್ಮದಲ್ಲಿ ಪ್ರಾರ್ಥನೆ ಬೆಳಕಿಗೆ ಮುಖಮಾಡಿ. ಗುಸ್ತಾದ್ ಪ್ರತಿದಿನ ಬೆಳಗಿನ ಜಾವ ಅಂಗಳಕ್ಕಿಳಿದು, ಪೂರ್ವಕ್ಕೆ ತಿರುಗಿ, ಸುದ್ರೆಯ ಮೇಲೆ ಕುಸ್ತಿಯನ್ನು ಬಿಚ್ಚಿ ಮತ್ತೆ ಕಟ್ಟಿ ಪ್ರಾರ್ಥಿಸುತ್ತಾನೆ. ಸುದ್ರೆ ಬಿಳಿ ಮಲ್‌ಮಲ್‌ನ ಒಳಅಂಗಿ. ಕುಸ್ತಿ ಕುರಿಮರಿ ಉಣ್ಣೆಯ 72 ಎಳೆಗಳ ನೇಯ್ಗೆ, ಸೊಂಟಕ್ಕೆ ಮೂರು ಸುತ್ತು. ಅಂಗಳದಲ್ಲಿ ಬೆಳಕನ್ನು ವಂದಿಸುವವನು ಮನೆಯೊಳಗೆ ಅದನ್ನು ತಡೆದಿಟ್ಟಿದ್ದಾನೆ. ಅವನ ಸ್ವಭಾವವನ್ನು ಇದಕ್ಕಿಂತ ಚೆನ್ನಾಗಿ ಯಾವ ಸಂಭಾಷಣೆಯೂ ಹೇಳಲಾರದು. ಛಾಯಾಗ್ರಾಹಕನಿಗೂ ಇದೊಂದು ಸಿದ್ಧ ಚೌಕಟ್ಟು: ಒಳಗೆ ಮಬ್ಬು, ಹೊರಗೆ ಕಣ್ಣು ಕುಕ್ಕುವ ಬಾಂಬೆ.

ಹಣದ ದಾರಿ

ಈ ಭಾಗದ ಬೇರು ಚರಿತ್ರೆಯಲ್ಲಿದೆ. 1971ರ ಮೇ 24ರಂದು ದೆಹಲಿಯ ಪಾರ್ಲಿಮೆಂಟ್ ಸ್ಟ್ರೀಟ್‌ನ ಸ್ಟೇಟ್ ಬ್ಯಾಂಕ್ ಶಾಖೆಯ ಮುಖ್ಯ ಖಜಾಂಚಿ ವೇದ್ ಪ್ರಕಾಶ್ ಮಲ್ಹೋತ್ರಾ ಅವರಿಗೆ ಒಂದು ದೂರವಾಣಿ ಕರೆ ಬಂತು. ಮೊದಲು ಪ್ರಧಾನಿಯ ಕಾರ್ಯದರ್ಶಿ ಪಿ.ಎನ್. ಹಕ್ಸರ್ ಅವರ ಹೆಸರು, ಆಮೇಲೆ ಇಂದಿರಾ ಗಾಂಧಿಯವರದೇ ಎನ್ನಿಸಿದ ದನಿ. ಬಾಂಗ್ಲಾದೇಶದ ಗುಟ್ಟಿನ ಕೆಲಸಕ್ಕೆ 60 ಲಕ್ಷ ಬೇಕು, ಸಂಕೇತವಾಕ್ಯ ಹೇಳುವವನ ಕೈಗೆ ಕೊಡಿ ಎಂಬ ಸೂಚನೆ. ಖಜಾಂಚಿ ಹಣವನ್ನು ಕಾರಿನಲ್ಲಿ ಒಯ್ದು ಕೊಟ್ಟರು. ರಸೀದಿಗಾಗಿ ಪ್ರಧಾನಿ ನಿವಾಸಕ್ಕೆ ಹೋದಾಗ ಅಂಥ ಕರೆ ಮಾಡಿಯೇ ಇಲ್ಲವೆಂಬ ಉತ್ತರ ಸಿಕ್ಕಿತು. ಹಣ ಪಡೆದವನು ಸೇನೆಯ ಮಾಜಿ ಕ್ಯಾಪ್ಟನ್ ರುಸ್ತುಂ ಸೊಹ್ರಾಬ್ ನಗರ್‌ವಾಲಾ, ಪಾರ್ಸಿ. ಅದೇ ದಿನ ಬಂಧನ, ಹಣದ ಬಹುಪಾಲು ವಶ, ದನಿ ಅನುಕರಿಸಿದ್ದು ತಾನೇ ಎಂಬ ತಪ್ಪೊಪ್ಪಿಗೆ, ಮೂರೇ ದಿನದಲ್ಲಿ ನಾಲ್ಕು ವರ್ಷಗಳ ಶಿಕ್ಷೆ. ತನಿಖೆ ನಡೆಸಿದ ಪೊಲೀಸ್ ಅಧಿಕಾರಿ ಡಿ.ಕೆ. ಕಶ್ಯಪ್ 1971ರ ನವೆಂಬರ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಮರುವಿಚಾರಣೆ ಬೇಕೆಂದು ಕೇಳುತ್ತಿದ್ದ ನಗರ್‌ವಾಲಾ 1972ರ ಮಾರ್ಚ್‌ನಲ್ಲಿ ಸೆರೆಯಲ್ಲಿದ್ದಾಗಲೇ ತೀರಿಹೋದರು. 1977ರಲ್ಲಿ ಜನತಾ ಸರ್ಕಾರ ನ್ಯಾಯಮೂರ್ತಿ ಪಿ. ಜಗನ್ಮೋಹನ್ ರೆಡ್ಡಿ ಆಯೋಗವನ್ನು ನೇಮಿಸಿತು. ಅಷ್ಟಾದರೂ ಮುಖ್ಯ ಪ್ರಶ್ನೆಗಳಿಗೆ ಪೂರ್ತಿ ಉತ್ತರ ಸಿಗಲಿಲ್ಲ.

ಕಾದಂಬರಿಕಾರ ಮಾಡಿದ ಜಾಣ್ಮೆಯ ಕೆಲಸವೆಂದರೆ ಕ್ಯಾಪ್ಟನ್ನನ ಕಥೆ ಹೇಳದೆ ಅವನ ಗೆಳೆಯನ ಕಥೆ ಹೇಳಿದ್ದು. ನಿಜದಲ್ಲಿ 60 ಲಕ್ಷ. ಕಥೆಯಲ್ಲಿ ಅದರಲ್ಲಿ 10 ಲಕ್ಷ ಪಕ್ಕಕ್ಕೆ ಸರಿದು ಒಂದು ಸಾಮಾನ್ಯ ಅಡುಗೆಮನೆಗೆ ಬರುತ್ತದೆ. ದೊಡ್ಡ ಹಗರಣವನ್ನು ಸಂಸಾರದ ಅಳತೆಗೆ ಇಳಿಸಿದ ಹೆಜ್ಜೆ ಇದು, ಚಿತ್ರ ನಿಂತಿರುವುದೂ ಇದರ ಮೇಲೆಯೇ.

ಆ ಅಳತೆಯನ್ನು ಕೈಯಲ್ಲಿ ಹಿಡಿದು ನೋಡೋಣ. ನೂರರ ನೋಟಿನಲ್ಲಿ ಲೆಕ್ಕ ಹಾಕಿದರೆ ಹತ್ತು ಲಕ್ಷವೆಂದರೆ 10,000 ನೋಟು, ನೂರು ನೋಟಿನ 100 ಕಟ್ಟು. ನೋಟೊಂದಕ್ಕೆ ಸುಮಾರು ಒಂದು ಗ್ರಾಂ ಹಿಡಿದರೂ ಹತ್ತು ಕಿಲೋ. ಎರಡು ಕೋಣೆಯ ಮನೆಯಲ್ಲಿ, ಮಕ್ಕಳ ಕಣ್ಣು ತಪ್ಪಿಸಿ, ನೆರೆಯವರು ಹೊತ್ತುಗೊತ್ತಿಲ್ಲದೆ ಬಾಗಿಲು ತಟ್ಟುವ ಕಟ್ಟಡದಲ್ಲಿ ಇದನ್ನು ಇಡುವುದೆಲ್ಲಿ? ಅಡುಗೆಮನೆಯಲ್ಲೇ. ಅಂದರೆ ದಿಲ್ನವಾಜ್‌ಗೆ ತಿಳಿಯದೆ ಇಡಲು ಸಾಧ್ಯವಿಲ್ಲ. ಗಂಡನ ಗೆಳೆತನದ ಸಾಲ ಹೀಗೆ ಹೆಂಡತಿಯ ಒಲೆಯ ಬುಡಕ್ಕೆ ಬಂದು ಕೂರುತ್ತದೆ.

ಆ ಸಾಲ ಯಾವುದು? ವರ್ಷಗಳ ಹಿಂದೆ ಬಸ್ಸಿನಿಂದಿಳಿಯುವಾಗ ಪುಟ್ಟ ಸೊಹ್ರಾಬ್‌ನನ್ನು ವಾಹನಗಳ ನಡುವಿನಿಂದ ಉಳಿಸಲು ಹೋಗಿ ಗುಸ್ತಾದ್‌ನ ಸೊಂಟದ ಎಲುಬು ಮುರಿದಿತ್ತು. ಅವನನ್ನು ಮಗುವಿನಂತೆ ಎತ್ತಿಕೊಂಡು ಎಲುಬು ಕೂಡಿಸುವ ಮದಿವಾಲಾನ ಬಳಿ ಒಯ್ದವನು ಜಿಮ್ಮಿ. ಗುಸ್ತಾದ್ ಇವತ್ತಿಗೂ ನಡೆಯುತ್ತಿರುವುದು ಅದರಿಂದ. ಹಣವನ್ನು ಅವನು ಸ್ವೀಕರಿಸಿದ್ದು ದುರಾಸೆಗಲ್ಲ. ಹಣ ಸಮಾಜಸೇವೆಗೆ, ಪೂರ್ವ ಬಂಗಾಳದ ಹೋರಾಟಗಾರರಿಗೆ ಎಂದು ಅವನು ನಂಬಿದ್ದ.

ಹಣ ತಲುಪಿಸುವವನು ಜಿಮ್ಮಿಯ ಕಡೆಯ ಗುಲಾಮ್ ಮೊಹಮ್ಮದ್. ಭೇಟಿಯ ಜಾಗ ಚೋರ್ ಬಜಾರಿನ ಹಳೆಯ ಪುಸ್ತಕಗಳ ನಡುವೆ. ಹಣ ಹಾಕಬೇಕಾದ ಖಾತೆಯ ಹೆಸರು ಮೀರಾ ಓಬಿಲಿ. ಬಿಲಿಮೋರಿಯಾ ಎಂಬುದರ ಇಂಗ್ಲಿಷ್ ಅಕ್ಷರಗಳನ್ನೇ ಹಿಂದುಮುಂದು ಮಾಡಿದ ಹೆಸರು ಅದು. ಇಂದಿನ ಓದುಗರಿಗೆ ಇಲ್ಲಿ ಒಂದು ಸಂಶಯ ಬರಬಹುದು: ಇಲ್ಲದ ಹೆಂಗಸಿನ ಹೆಸರಿನಲ್ಲಿ ಖಾತೆ ತೆರೆದದ್ದು ಹೇಗೆ? ಗ್ರಾಹಕರ ಗುರುತು ದೃಢಪಡಿಸುವ ಕೆವೈಸಿ ನಿಯಮಗಳನ್ನು ರಿಸರ್ವ್ ಬ್ಯಾಂಕ್ ವ್ಯವಸ್ಥಿತವಾಗಿ ತಂದದ್ದು 2002ರಲ್ಲಿ. ಅದಕ್ಕೂ ಮೊದಲು ಹಳೆಯ ಖಾತೆದಾರನೊಬ್ಬನ ಪರಿಚಯದ ಸಹಿ ಇದ್ದರೆ ಬಹುಮಟ್ಟಿಗೆ ಸಾಕಿತ್ತು. ಒಳಗೇ ಕೆಲಸ ಮಾಡುವ ಇಬ್ಬರು ಮನಸ್ಸು ಮಾಡಿದರೆ ಇನ್ನೂ ಸುಲಭ.

ಇಬ್ಬರು ಬೇಕೇ ಬೇಕು. ಗುಸ್ತಾದ್ ದಿನ್ಶಾಜಿಯನ್ನು ಒಳಗೆಳೆದುಕೊಳ್ಳುವುದು ಈ ಕಾರಣಕ್ಕೆ. ಕಥೆಯ ಅತಿ ದೊಡ್ಡ ತಪ್ಪು ನಿರ್ಧಾರವೂ ಇದೇ. ದಿನ್ಶಾಜಿ ನಗಿಸುವವನು, ಕಚೇರಿಯ ಹೊಸ ಟೈಪಿಸ್ಟ್ ಹುಡುಗಿಯನ್ನು ಕೀಟಲೆ ಮಾಡುವವನು, ಒಳಗೊಳಗೆ ಕ್ಯಾನ್ಸರಿನಿಂದ ಕುಸಿಯುತ್ತಿರುವವನು. ದಿನಕ್ಕೊಂದು ಕಟ್ಟಿನಂತೆ ಜಮಾ ಮಾಡಿದರೆ ನೂರು ಕೆಲಸದ ದಿನ ಬೇಕು, ಸುಮಾರು ನಾಲ್ಕು ತಿಂಗಳು. ದಿನಕ್ಕೆ ಹತ್ತು ಸಾವಿರ ಆ ಕಾಲಕ್ಕೆ ದೊಡ್ಡ ಮೊತ್ತವೇ ಆದರೂ ಮಾರವಾಡಿಗಳು, ಗುಜರಾತಿ ವ್ಯಾಪಾರಿಗಳು ಓಡಾಡುವ ಬಾಂಬೆಯ ಕೌಂಟರಿನಲ್ಲಿ ಕಣ್ಣಿಗೆ ಬೀಳದಂತೆ ಸಾಗಬಹುದು. ತೊಂದರೆ ಬರುವುದು ಉಲ್ಟಾ ಹೊರಳಿದಾಗ. ಜಿಮ್ಮಿ ದೆಹಲಿಯಲ್ಲಿ ಸಿಕ್ಕಿಬಿದ್ದಿದ್ದಾನೆ, ಹಣ ಗಡುವಿನೊಳಗೆ ವಾಪಸಾಗಬೇಕು. ಹಾಕಿದ್ದನ್ನೆಲ್ಲ ತಿಂಗಳೊಳಗೆ ತೆಗೆಯುವುದೆಂದರೆ ದಿನಕ್ಕೆ ಮೂರು ನಾಲ್ಕು ಕಟ್ಟು. ಒಂದೇ ಖಾತೆ, ಒಂದೇ ಗುಮಾಸ್ತ, ಒಂದೇ ಚೀಲ. ಹಿಂದೆ ಹಣ ಜಮಾ ಮಾಡಲು ಹಿಂಜರಿದಾಗಲೇ ಬೆದರಿಕೆಯಾಗಿ ಅಂಗಳದ ಗಿಡಗಳ ನಡುವೆ ತಲೆ ಕಡಿದ ಹೆಗ್ಗಣ, ಆಮೇಲೆ ಬೆಕ್ಕು ಬಂದು ಬಿದ್ದಿದ್ದವು. ಗುಸ್ತಾದ್ ದುಡಿಮೆಯ ಸ್ಥಳವನ್ನೂ ಗೆಳೆಯನ ಆರೋಗ್ಯವನ್ನೂ ಪಣಕ್ಕಿಟ್ಟದ್ದು ಈ ಓಟದಲ್ಲಿ. ದಿನ್ಶಾಜಿ ಕುಸಿದು ಆಸ್ಪತ್ರೆ ಸೇರಿ ಮತ್ತೆ ಏಳುವುದಿಲ್ಲ.

ಬ್ಯಾಂಕಿನ ಬಗ್ಗೆ ಇನ್ನೊಂದು ಮಾತು. ಬ್ಯಾಂಕಿಂಗ್‌ನಲ್ಲಿ ಪಾರ್ಸಿಗಳು ರಾಜರಾಗಿದ್ದ ಕಾಲ ಮುಗಿಯಿತೆಂದು ದಿನ್ಶಾಜಿ ಗೊಣಗುವುದುಂಟು. 1969ರ ಜುಲೈ 19ರಂದು ರಾಷ್ಟ್ರೀಕರಣವಾದ 14 ಬ್ಯಾಂಕುಗಳಲ್ಲಿ ಸೊರಾಬ್ಜಿ ಪೊಚ್‌ಖಾನಾವಾಲಾ 1911ರಲ್ಲಿ ಕಟ್ಟಿದ ಸೆಂಟ್ರಲ್ ಬ್ಯಾಂಕ್ ಒಂದು. ಅದೇ ಪಟ್ಟಿಯಲ್ಲಿ ನಮ್ಮ ಕರಾವಳಿಯ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಇದ್ದವು. ಮಂಗಳೂರು, ಮಣಿಪಾಲದ ಹಿರಿಯರು ಮನೆಯ ಬ್ಯಾಂಕು ಕೈಬಿಟ್ಟುಹೋದುದರ ಬಗ್ಗೆ ಆಡುತ್ತಿದ್ದ ಮಾತನ್ನು ಕೇಳಿದವರಿಗೆ ದಿನ್ಶಾಜಿಯ ದನಿ ಪರಕೀಯ ಎನ್ನಿಸದು.

ದೆಹಲಿ, ಮತ್ತು ಎರಡು ಸಾವು

ಗುಸ್ತಾದ್ ರೈಲು ಹತ್ತಿ ದೆಹಲಿಗೆ ಹೋಗುತ್ತಾನೆ. ಆಸ್ಪತ್ರೆಯ ಹಾಸಿಗೆಯಲ್ಲಿ, ಚುಚ್ಚುಮದ್ದುಗಳ ಮಂಪರಿನಲ್ಲಿ, ಗುರುತೇ ಸಿಗದಷ್ಟು ಸೊರಗಿದ ಜಿಮ್ಮಿ ತುಂಡು ತುಂಡಾಗಿ ಹೇಳುವುದು ಇಷ್ಟು: ಮೇಲಿನವರ ಸೂಚನೆಯಂತೆಯೇ ಹಣ ತಂದೆ, ದನಿ ಅನುಕರಿಸಿದ್ದು ನಾನೇ ಎಂಬ ತಪ್ಪೊಪ್ಪಿಗೆಯನ್ನು ಮುಂಚಿತವಾಗಿ ಬರೆಸಿಕೊಂಡರು, ಹಣ ಹೋರಾಟಗಾರರಿಗೆ ತಲುಪುತ್ತಿಲ್ಲವೆಂದು ತಿಳಿದಾಗ ಹತ್ತು ಲಕ್ಷವನ್ನು ಗೆಳೆಯರಿಗೆಂದು ಎತ್ತಿಟ್ಟೆ, ಆ ಕಾಗದವನ್ನೇ ನನ್ನ ವಿರುದ್ಧ ಬಳಸಿದರು. ಇದು ಪಾತ್ರದ ಮಾತು, ಆಯೋಗದ ತೀರ್ಮಾನವಲ್ಲ. ಚಿತ್ರವನ್ನು ಚರ್ಚೆಗೆ ಇಡುವವರು ಈ ಎರಡನ್ನೂ ಬೇರೆಯಾಗಿಟ್ಟು ಮಾತಾಡಬೇಕು.

ಕುಟುಂಬದ ಕಥೆಗೆ ಮುಖ್ಯವಾದದ್ದು ಜಿಮ್ಮಿ ಕೊನೆಗೂ ಕಾರಣ ಹೇಳಿದ ಎಂಬುದು. ಇಷ್ಟು ದಿನ ಗುಸ್ತಾದ್ ಕಾದದ್ದು ಹಣಕ್ಕಲ್ಲ, ಈ ವಿವರಣೆಗೆ. ಅದು ಸಿಕ್ಕ ಮೇಲೆ ಅವನ ಸಿಟ್ಟು ಕರಗುತ್ತದೆ. ಮಗನಿಂದಲೂ ಅವನಿಗೆ ಬೇಕಿದ್ದದ್ದು ಇದೇ, ಆದರೆ ಕೇಳುವ ದಾರಿ ಗೊತ್ತಿರಲಿಲ್ಲ.

ಕಥೆಯಲ್ಲಿ ಎರಡು ಶವಸಂಸ್ಕಾರಗಳಿವೆ, ದಿನ್ಶಾಜಿಯದು ಮತ್ತು ಜಿಮ್ಮಿಯದು. ಎರಡೂ ಮಲಬಾರ್ ಹಿಲ್‌ನ ಡೂಂಗರ್‌ವಾಡಿಯಲ್ಲಿ. ಅಲ್ಲಿ ದಖ್ಮೆ ಎಂಬ ಗೋಪುರಗಳಲ್ಲಿ ಶವವನ್ನು ರಣಹದ್ದುಗಳಿಗೆ ಒಪ್ಪಿಸುತ್ತಿದ್ದರು. ವಿಧಿಯ ಕ್ರಮ ಹೀಗಿದೆ. ಶವಕ್ಕೆ ಸ್ನಾನ ಮಾಡಿಸಿ, ಬಿಳಿ ಬಟ್ಟೆ ಉಡಿಸಿ, ಸುದ್ರೆ ಕುಸ್ತಿ ತೊಡಿಸಿ ಬಂಗ್ಲಿ ಎಂಬ ಪ್ರಾರ್ಥನಾ ಮನೆಯಲ್ಲಿ ಇಡುತ್ತಾರೆ. ನಾಯಿಯೊಂದನ್ನು ಕರೆತಂದು ಶವವನ್ನು ನೋಡಿಸುತ್ತಾರೆ, ಇದು ಸಗ್‌ದೀದ್. ಇಬ್ಬರು ಪುರೋಹಿತರು ಜೋಡಿಯಾಗಿ ನಿಂತು ಗೇಹ್ ಸಾರ್ನಾ ಎಂಬ ಅಂತ್ಯಕ್ರಿಯೆಯ ಪ್ರಾರ್ಥನೆ ಪಠಿಸುತ್ತಾರೆ. ನಸ್ಸೆಸಾಲರ್‌ಗಳು ಶವ ಹೊತ್ತು ಮುಂದೆ ನಡೆಯುತ್ತಾರೆ; ಹಿಂದೆ ಬರುವವರು ಇಬ್ಬಿಬ್ಬರಾಗಿ, ನಡುವೆ ಬಿಳಿ ಬಟ್ಟೆಯ ತುದಿ ಹಿಡಿದು ನಡೆಯುತ್ತಾರೆ. ಹೆಣ ಹೊರುವವರ ಹೊರತು ಯಾರೂ ದಖ್ಮೆಯ ಒಳಗೆ ಕಾಲಿಡುವಂತಿಲ್ಲ. ಮೂರನೇ ದಿನ ಉಠಮ್ನಾ ಎಂಬ ಪ್ರಾರ್ಥನೆ, ನಾಲ್ಕನೇ ದಿನದ ನಸುಕಿನಲ್ಲಿ ಆತ್ಮ ಚಿನ್ವತ್ ಸೇತುವೆ ದಾಟುತ್ತದೆಂಬ ನಂಬಿಕೆ.

ಅನ್ಯಧರ್ಮೀಯರು ವಿಧಿ ಆರಂಭವಾದ ಮೇಲೆ ಮುಖದರ್ಶನ ಪಡೆಯುವಂತಿಲ್ಲ. ಹಾಗಾಗಿ ಜಿಮ್ಮಿಗಾಗಿ ಜೀವ ಕೊಡಲು ಸಿದ್ಧನಿದ್ದ ಗುಲಾಮ್ ಮೊಹಮ್ಮದ್ ಅವನ ಅಂತ್ಯಕ್ರಿಯೆಯಲ್ಲಿ ಹೊರಗೆ ಉಳಿಯುತ್ತಾನೆ. ಶವವನ್ನು ಬಾಂಬೆಗೆ ತರಿಸಿ, ಪಾರ್ಸಿಯಾಗಿಯೇ ಕಳಿಸಿಕೊಡುವ ಏರ್ಪಾಡು ಮಾಡಿದವನೂ ಅವನೇ. ಸಮುದಾಯದ ಬಂಧ ಎಷ್ಟು ಗಟ್ಟಿಯೋ ಅದರ ಬೇಲಿಯೂ ಅಷ್ಟೇ ಗಟ್ಟಿ ಎಂಬುದನ್ನು ಮಿಸ್ತ್ರಿ ಬೋಧಿಸದೆ ಬರೆದಿದ್ದಾರೆ. ಈ ಕಥೆಯಲ್ಲಿ ನನಗೆ ಅತ್ಯಂತ ಹತ್ತಿರದ ಸಂಗತಿ ಇದು.

ಗೋಡೆ

ಕಟ್ಟಡದ ಮುಂದಿನ ಕಪ್ಪು ಕಲ್ಲಿನ ಗೋಡೆ ಇವರಿಗೆ ರಸ್ತೆಯ ಗದ್ದಲವನ್ನೂ ಕಣ್ಣುಗಳನ್ನೂ ತಡೆಯುವ ಕಾವಲು, ದಾರಿಹೋಕರಿಗೆ ಮೂತ್ರಾಲಯ. ಗುಸ್ತಾದ್ ಕಂಡುಕೊಂಡ ಉಪಾಯ: ಪಾದಚಾರಿ ಮಾರ್ಗದಲ್ಲಿ ಚಿತ್ರ ಬರೆಯುವ ಕಲಾವಿದನನ್ನು ಕರೆತಂದು ಗೋಡೆಯ ತುಂಬ ದೇವರುಗಳನ್ನು ಬರೆಸುವುದು. ಬೆಂಗಳೂರಿನ ಮೆಟ್ಟಿಲು ಮೂಲೆಗಳಲ್ಲಿ ಎಲೆಯಡಿಕೆ ಉಗುಳುವುದನ್ನು ತಡೆಯಲು ಗಣಪತಿ, ಏಸು, ಮೆಕ್ಕಾದ ಟೈಲ್ಸ್ ಒಟ್ಟಿಗೆ ಅಂಟಿಸಿರುವುದನ್ನು ನೋಡಿದವರಿಗೆ ತರ್ಕ ಗೊತ್ತೇ ಇದೆ. ಒಂದು ಧರ್ಮದ ಚಿತ್ರ ಸಾಲದು. ಬಿಟ್ಟ ಜಾಗದಲ್ಲಿ ಮತ್ತೆ ಮೂತ್ರ ಬೀಳುತ್ತದೆ. ತ್ರಿಮೂರ್ತಿ, ಜರತುಷ್ಟ್ರ, ಏಸು, ಮೇರಿ, ಸಾಯಿಬಾಬಾ, ದರ್ಗಾ, ಮಸೀದಿ ಹೀಗೆ ಕಲಾವಿದ ಗೋಡೆಯುದ್ದಕ್ಕೂ ಸಾಗುತ್ತಾನೆ. ಸೀಮೆಸುಣ್ಣ ಬಿಟ್ಟು ಎಣ್ಣೆಬಣ್ಣಕ್ಕೆ ಬದಲಾಗುತ್ತಾನೆ, ಏಕೆಂದರೆ ಮೊದಲ ಬಾರಿಗೆ ಅವನ ಚಿತ್ರ ಮರುದಿನವೂ ಇರುತ್ತದೆ. ನಾತ ಹೋಗಿ ಊದುಬತ್ತಿಯ ಪರಿಮಳ, ಹೂ, ಕಾಣಿಕೆ.

ಆಮೇಲೆ ರಸ್ತೆ ಅಗಲೀಕರಣಕ್ಕಾಗಿ ನಗರಪಾಲಿಕೆ ಬರುತ್ತದೆ. ಅದೇ ಹೊತ್ತಿಗೆ ಚರಂಡಿ, ನೀರು, ಕೊಳೆಯ ವಿರುದ್ಧ ಹೊರಟ ಮೆರವಣಿಗೆ ಗೋಡೆಯ ಬಳಿ ಕೆಲಸಗಾರರಿಗೆ ಎದುರಾಗುತ್ತದೆ. ಕಲ್ಲುತೂರಾಟದಲ್ಲಿ ಸಾಯುವವನು ತೆಹ್ಮುಲ್: ಬಾಲ್ಯದಲ್ಲಿ ಬೇವಿನ ಮರದಿಂದ ಬಿದ್ದು ದೇಹ ಬುದ್ಧಿ ಎರಡೂ ಕುಂಟಾದವನು, ಕಟ್ಟಡದ ಎಲ್ಲರೂ ಓಡಿಸುತ್ತಿದ್ದವನು, ಗುಸ್ತಾದ್ ಮಾತ್ರ ತಾಳ್ಮೆಯಿಂದ ಮಾತಾಡಿಸುತ್ತಿದ್ದವನು. ಗೋಡೆಗೆ ದೇವರುಗಳು ಬಂದರೂ ಗೋಡೆ ಉಳಿಯಲಿಲ್ಲ. ಅದು ಕಾಪಾಡುತ್ತಿದ್ದ ಅಂಗಳದ ಅತಿ ದುರ್ಬಲ ಜೀವವೂ ಉಳಿಯಲಿಲ್ಲ.

ಗುಸ್ತಾದ್ ತನ್ನ ಸೊಂಟದ ನೋವಿನಲ್ಲೇ ತೆಹ್ಮುಲ್‌ನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಹಾಸಿಗೆಯ ಮೇಲೆ ಮಲಗಿಸಿ, ತಲೆಗೆ ಟೋಪಿ ಹಾಕಿಕೊಂಡು ಯಥಾ ಅಹೂ ವೈರ್ಯೋ, ಅಷೆಮ್ ವೋಹೂ ಪ್ರಾರ್ಥನೆಗಳನ್ನು ಹೇಳುತ್ತಾನೆ. ಜಿಮ್ಮಿ ಅವನನ್ನು ಎತ್ತಿಕೊಂಡ ರೀತಿಯಲ್ಲೇ ಅವನು ಇನ್ನೊಬ್ಬನನ್ನು ಎತ್ತಿದ್ದಾನೆ. ಗೆಳೆಯರಿಗಾಗಿ, ತನಗಾಗಿ ತಡೆಹಿಡಿದಿದ್ದ ಅಳು ಅಲ್ಲಿ ಒಡೆಯುತ್ತದೆ. ಬಾಗಿಲಲ್ಲಿ ನಿಂತು ಅದನ್ನು ನೋಡುವವನು ಸೊಹ್ರಾಬ್. ಅಪ್ಪ ಮಗ ಕೂಡಿಬರುವುದು ಈ ಗಳಿಗೆಯಲ್ಲಿ, ಸೀಟಿನ ಬಗ್ಗೆ ಒಂದು ಮಾತೂ ಆಡದೆ. ವಾದದಿಂದ ಮುರಿದದ್ದು ವಾದದಿಂದ ಕೂಡಲಿಲ್ಲ.

ಚಿತ್ರಕ್ಕೆ ಇಳಿಸಿದಾಗ

ಗುಸ್ತಾದ್ ಪಾತ್ರದಲ್ಲಿ ರೋಶನ್ ಸೇಠ್. ‘ಗಾಂಧಿ’ (1982) ಚಿತ್ರದಲ್ಲೂ ದೂರದರ್ಶನದ ‘ಭಾರತ್ ಏಕ್ ಖೋಜ್’ನಲ್ಲೂ ನೆಹರೂ ಆದವರು. ಆ ಮುಖವೇ ಇಲ್ಲಿ ನೆಹರೂ ಮನೆತನದ ಮೇಲೆ ಮುನಿದ ಸಾಮಾನ್ಯ ಪ್ರಜೆಯದಾಗಿದೆ. ಈ ಅಭಿನಯಕ್ಕೆ ಕೆನಡಾದ ಜಿನೀ ಅತ್ಯುತ್ತಮ ನಟ ಪ್ರಶಸ್ತಿ ಬಂತು. ದಿಲ್ನವಾಜ್ ಆಗಿ ಸೋನಿ ರಾಜ್ದಾನ್, ಜಿಮ್ಮಿಯಾಗಿ ನಸೀರುದ್ದೀನ್ ಶಾ, ಗುಲಾಮ್ ಮೊಹಮ್ಮದ್ ಆಗಿ ಓಂ ಪುರಿ, ದಿನ್ಶಾಜಿಯಾಗಿ ಸ್ಯಾಮ್ ದಸ್ತೋರ್, ಸೊಹ್ರಾಬ್ ಆಗಿ ವ್ರಜೇಶ್ ಹಿರ್ಜಿ, ಬೀದಿ ಕಲಾವಿದನಾಗಿ ರಂಜಿತ್ ಚೌಧರಿ, ದಿಲ್ನವಾಜ್‌ಗೆ ನಿಂಬೆಹಣ್ಣಿನ ಮಂತ್ರತಂತ್ರ ಹೇಳಿಕೊಡುವ ನೆರೆಯಾಕೆ ಕುಟ್ಪಿಟಿಯಾ ಆಗಿ ಪರ್ಲ್ ಪದಮ್ಸಿ. ತೆಹ್ಮುಲ್ ಆದವರು ಕುರುಷ್ ದೇಬೂ, ‘ಮುನ್ನಾಭಾಯಿ ಎಂ.ಬಿ.ಬಿ.ಎಸ್.’ನ ಡಾಕ್ಟರ್ ರುಸ್ತುಂ ಎಂದರೆ ಬೇಗ ನೆನಪಾಗುತ್ತಾರೆ.

ಹಿಂದಿ ಚಿತ್ರಗಳ ಪಾರ್ಸಿ ಬಹುಕಾಲ ಹಳೆಯ ಕಾರು, ಕಪ್ಪು ಟೋಪಿ, ಎಳೆದಾಡುವ ಉಚ್ಚಾರ, ಸಿಡುಕು ಪ್ರೀತಿಯ ಮುದುಕನಾಗಿ ಉಳಿದ. ನಗಿಸಲು ಬಂದು ಹೋಗುವ ಪಾತ್ರ ಅದು. ಈ ಚಿತ್ರ ಆ ಬಲೆಗೆ ಬೀಳದಿರಲು ಕಾರಣ ಪಾತ್ರಗಳ ಹಂಚಿಕೆ. ನಗು ದಿನ್ಶಾಜಿಗೆ, ಮೂಢನಂಬಿಕೆ ಕುಟ್ಪಿಟಿಯಾಗೆ, ಮಿಲಿಟರಿ ಠೀವಿ ಜಿಮ್ಮಿಗೆ, ಹಳೆಯ ವೈಭವದ ನೆನಪು ಗುಸ್ತಾದ್‌ಗೆ. ಇಡೀ ಸಮುದಾಯವನ್ನು ಒಬ್ಬನ ತಲೆಗೆ ಕಟ್ಟಿಲ್ಲ.

ಕೊರತೆಗಳೂ ಇವೆ. ಕಾದಂಬರಿಯ ದೊಡ್ಡ ಬಲ ಗುಸ್ತಾದ್‌ನ ತಲೆಯೊಳಗೆ ಓಡುವ ನೆನಪು. ತೆರೆಯ ಮೇಲೆ ಅದಕ್ಕೆ ಅಷ್ಟು ಜಾಗವಿಲ್ಲ. ಹೀಗಾಗಿ ಅಪ್ಪನ ಪುಸ್ತಕದಂಗಡಿಯ ಪತನಕ್ಕೂ ಮಗನ ಸೀಟಿಗೂ ಇರುವ ನಂಟು ತೆಳುವಾಗುತ್ತದೆ, ಗುಸ್ತಾದ್‌ನ ಸಿಟ್ಟು ಬರೀ ಹಟದಂತೆ ಕಾಣುವ ಅಪಾಯವಿದೆ. ದಿಲ್ನವಾಜ್ ಮಂತ್ರತಂತ್ರಕ್ಕೆ ಇಳಿಯುವುದು ಗಂಡ ಮಗ ಇಬ್ಬರೂ ಮಾತು ಬಿಟ್ಟಾಗ ಅವಳ ಕೈಲಿ ಬೇರೆ ಸಾಧನ ಉಳಿಯದೆ ಹೋದದ್ದರಿಂದ. ವೇಗವಾಗಿ ತೋರಿಸಿದಾಗ ಅದು ಹಾಸ್ಯದ ಕಡೆ ವಾಲುತ್ತದೆ. ಇಂಗ್ಲಿಷ್ ಸಂಭಾಷಣೆಯ ಆಯ್ಕೆಗೂ ಬೆಲೆ ತೆರಬೇಕಾಗಿದೆ: ಗಂಡಹೆಂಡಿರ ಜಗಳದಲ್ಲಿ ಪಾರ್ಸಿ ಗುಜರಾತಿಯ ಬೈಗುಳದ ಸೊಗಸು ಅರ್ಧ ಮಾತ್ರ ದಾಟಿಬರುತ್ತದೆ.

ಕಥೆಯಲ್ಲಿ ಕಾಣುವ ಸಮುದಾಯದ ಆತಂಕಕ್ಕೆ ಅಂಕಿಗಳ ಆಧಾರವಿದೆ. 1941ರ ಜನಗಣತಿಯಲ್ಲಿ ಪಾರ್ಸಿಗಳು 1,14,890. ಕಥೆ ನಡೆಯುವ 1971ರಲ್ಲಿ 91,266. 2001ರಲ್ಲಿ 69,601, 2011ರಲ್ಲಿ 57,264. ಮನೆ ಬಿಟ್ಟ ಒಬ್ಬ ಮಗ ಇಲ್ಲಿ ಒಂದು ಸಂಸಾರದ ನಷ್ಟವಷ್ಟೇ ಅಲ್ಲ. ಡೂಂಗರ್‌ವಾಡಿಯ ವಿಧಿಗೂ ಆಮೇಲೆ ಪೆಟ್ಟು ಬಿತ್ತು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೊಫಿನಾಕ್ ಎಂಬ ನೋವುನಿವಾರಕದಿಂದ ರಣಹದ್ದುಗಳು 1990ರ ದಶಕದಿಂದ ಸಾಮೂಹಿಕವಾಗಿ ಸತ್ತವು. ಪಶುವೈದ್ಯದಲ್ಲಿ ಆ ಔಷಧಕ್ಕೆ ನಿಷೇಧ ಬಂದದ್ದು 2006ರಲ್ಲಿ. ಈಗ ದಖ್ಮೆಗಳಲ್ಲಿ ಸೂರ್ಯಶಾಖ ಕೇಂದ್ರೀಕರಿಸುವ ಸಾಧನಗಳನ್ನು ಬಳಸುತ್ತಾರೆ. 1971ರ ಗುಸ್ತಾದ್ ಹದ್ದುಗಳು ಸುತ್ತುತ್ತಿದ್ದ ಆಕಾಶವನ್ನು ನೋಡಿದವನು ಎಂಬುದನ್ನು ಇಂದಿನ ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಾಗುತ್ತದೆ.

2010ರಲ್ಲಿ ಮೂಲ ಕಾದಂಬರಿಯನ್ನು ಶಿವಸೇನೆಯ ವಿದ್ಯಾರ್ಥಿ ಘಟಕದ ಪ್ರತಿಭಟನೆಯ ನಂತರ ಮುಂಬೈ ವಿಶ್ವವಿದ್ಯಾಲಯ ಪಠ್ಯದಿಂದ ಕೈಬಿಟ್ಟಿತು. ಚಿತ್ರವನ್ನು ತರಗತಿಯಲ್ಲೋ ಫಿಲ್ಮ್ ಸೊಸೈಟಿಯಲ್ಲೋ ತೋರಿಸುವವರಿಗೆ ಈ ಸಂಗತಿ ಚರ್ಚೆಯ ಮೊದಲರ್ಧವನ್ನೆಲ್ಲ ನುಂಗಿಬಿಡುತ್ತದೆ. ಆದ್ದರಿಂದ ಕ್ರಮ ಬದಲಿಸುವುದು ಒಳ್ಳೆಯದು. ಮೊದಲು ಊಟದ ಮೇಜಿನ ದೃಶ್ಯ, ಆಮೇಲೆ ಹಣದ ದಾರಿ, ಅದಾದ ಮೇಲೆ ನಗರ್‌ವಾಲಾ ಪ್ರಕರಣದ ದಿನಾಂಕಗಳು, ಕೊನೆಗೆ ಕಾದಂಬರಿಯನ್ನು ಪಠ್ಯದಿಂದ ಕೈಬಿಟ್ಟ ವಿವಾದ. ಹಗರಣದಿಂದ ಆರಂಭಿಸಿದರೆ ಪ್ರೇಕ್ಷಕರು ಜಿಮ್ಮಿಯನ್ನಷ್ಟೇ ಹಿಂಬಾಲಿಸುತ್ತಾರೆ, ದಿಲ್ನವಾಜ್ ಅಡುಗೆಮನೆಯಲ್ಲಿ ಹತ್ತು ಕಿಲೋ ನೋಟಿನ ಪಕ್ಕದಲ್ಲಿ ನಿಂತು ಮಗಳಿಗೆ ಗಂಜಿ ಕಾಯಿಸಬೇಕಾದ ಪರಿಸ್ಥಿತಿ ಅವರ ಗಮನಕ್ಕೇ ಬರುವುದಿಲ್ಲ.